ಒಬ್ಬರೇ ನಡೆಸುವ ಕಸುಬಿಗೆ ಕಂಪನಿಯಂಥ ಹೆಸರೇಕೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಎಂಜಿನಿಯರಿಂಗ್ ಅಥವಾ ಬಿಸಿಎ ಮುಗಿಸಿ, ಬೆಂಗಳೂರಿಗೆ ಹೋಗದೆಯೇ ಅಥವಾ ಹೋಗಿ ಮರಳಿ ಬಂದು, ಮನೆಯ ಒಂದು ಕೋಣೆಯಲ್ಲಿ ಕುಳಿತು ವೆಬ್‌ಸೈಟ್ ಮಾಡಿಕೊಡುವ ಸ್ವತಂತ್ರ ಕಸುಬು ಹಿಡಿದ ಯುವಕ ಯುವತಿಯರು ಈಗ ಸಾಕಷ್ಟು ಮಂದಿ ಇದ್ದಾರೆ. ಇದೇ ಕಸುಬಿನಲ್ಲಿ ಹಾಸನದಲ್ಲಿ ಬಹುಕಾಲದಿಂದ ಇರುವ ನನ್ನ ಬಳಿ ಸಲಹೆ ಕೇಳಲು ಬರುವವರು, ದರ ಎಷ್ಟು ಹೇಳಬೇಕು, ಮುಂಗಡ ಎಷ್ಟು ಪಡೆಯಬೇಕು ಎಂಬುದಕ್ಕಿಂತ ಮೊದಲು ಕೇಳುವುದು ತಮ್ಮ ವ್ಯವಹಾರಕ್ಕೆ ಯಾವ ಹೆಸರಿಡಬೇಕೆಂದು. ಕೇಳುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಒಂದು ಹೆಸರು ಸಿದ್ಧವಾಗಿಯೇ ಇರುತ್ತದೆ. ಅದರ ಮುಂದೆ ಹೊಯ್ಸಳ, ಮಲ್ನಾಡ್ ಅಥವಾ ಹಾಸನಾಂಬ, ಹಿಂದೆ ಟೆಕ್, ಇನ್ಫೋಟೆಕ್ ಅಥವಾ ಸೊಲ್ಯೂಷನ್ಸ್. ಒಬ್ಬರೇ ನಡೆಸುವ ಈ ಕೆಲಸಕ್ಕೆ ಅಂಥ ಹೆಸರು ಬೇಕಿಲ್ಲ, ಹೆಚ್ಚಿನವರಿಗೆ ಸ್ವಂತ ಹೆಸರೇ ಸಾಕು, ಬೇರೆ ಹೆಸರು ಬೇಕೇ ಬೇಕೆನ್ನುವವರು ಅದನ್ನು ಅಂದಕ್ಕಾಗಿ ಆರಿಸದೆ ಕಿವಿಗೂ ಕಾಗದಪತ್ರಕ್ಕೂ ಒಗ್ಗುವಂತೆ ಆರಿಸಬೇಕು ಎಂಬ ನನ್ನ ಅಭಿಪ್ರಾಯವನ್ನು ಕಾರಣಸಹಿತ ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿರುವುದಕ್ಕೆ ಕ್ಷಮೆಯಿರಲಿ.

ಕಂಪನಿಯಂತೆ ಕಾಣಬೇಕೆಂಬ ಆಸೆ ನನಗೆ ಅರ್ಥವಾಗದ್ದೇನಲ್ಲ. ಆಗಷ್ಟೇ ಓದು ಮುಗಿಸಿದ ಹುಡುಗನೊಬ್ಬ ಬಿ.ಎಂ. ರಸ್ತೆಯ ಆಭರಣದ ಅಂಗಡಿಯ ಮಾಲೀಕರೆದುರು ಕುಳಿತಾಗ ತನ್ನ ವಯಸ್ಸನ್ನು ಮರೆಸಲು ಒಂದು ದೊಡ್ಡ ಹೆಸರು ಬೇಕೆಂದುಕೊಳ್ಳುವುದು ಸಹಜ. ಆದರೆ ನಮ್ಮ ಭಾಗದ ಗಿರಾಕಿಗಳು ಯಾರೆಂಬುದನ್ನು ನೋಡಬೇಕು. ತೋಟದಲ್ಲಿ ಹೋಂಸ್ಟೇ ನಡೆಸುವವರು, ಖಾಸಗಿ ಶಾಲೆಗಳ ಕಾರ್ಯದರ್ಶಿಗಳು, ಕಲ್ಯಾಣ ಮಂಟಪದವರು, ದಂತವೈದ್ಯರು, ಕಾಫಿಪುಡಿಯನ್ನು ತಮ್ಮದೇ ಪೊಟ್ಟಣದಲ್ಲಿ ಮಾರಲು ಹೊರಟ ಬೆಳೆಗಾರರು. ಇವರಲ್ಲಿ ಬಹಳಷ್ಟು ಮಂದಿ ಜಾಹೀರಾತು ನೋಡಿ ಕೆಲಸ ಒಪ್ಪಿಸುವವರಲ್ಲ. ಪರಿಚಯಸ್ಥರ ವೆಬ್‌ಸೈಟ್ ನೋಡಿ, ಇದನ್ನು ಯಾರು ಮಾಡಿಕೊಟ್ಟರೆಂದು ವಿಚಾರಿಸುವವರು. ಅದಕ್ಕೆ ಸಿಗುವ ಉತ್ತರ ಒಬ್ಬ ವ್ಯಕ್ತಿಯ ಹೆಸರು, ಇಲ್ಲವೇ ‘ಅರಸೀಕೆರೆ ಕಡೆಯ ಹುಡುಗಿ’, ‘ನಮ್ಮ ಮೇಷ್ಟ್ರ ಮಗ’ ಎಂಬ ಗುರುತು. ಆ ಗುರುತು ಹಿಡಿದು ಮೊಬೈಲಿನಲ್ಲಿ ಹುಡುಕಿದವರಿಗೆ ಯಾವುದೋ ಇನ್ಫೋಟೆಕ್ ಎದುರಾದರೆ, ಇವೆರಡೂ ಒಂದೇ ಎಂದು ಹೊಂದಿಸಿಕೊಳ್ಳುವ ಕೆಲಸ ಗಿರಾಕಿಯ ಪಾಲಿಗೆ ಬೀಳುತ್ತದೆ. ವೆಬ್‌ಸೈಟಿನ ತುಂಬ ‘ನಮ್ಮ ತಂಡ’, ‘ನಮ್ಮ ತಜ್ಞರು’ ಎಂದು ಬರೆದುಕೊಂಡು, ಮಾರಾಟ ವಿಭಾಗ, ಲೆಕ್ಕ ವಿಭಾಗ, ತಾಂತ್ರಿಕ ವಿಭಾಗ ಎಲ್ಲಕ್ಕೂ ಒಂದೇ ದೂರವಾಣಿ ಸಂಖ್ಯೆ ಕೊಟ್ಟು, ಎಲ್ಲ ಕರೆಗಳನ್ನೂ ಒಂದೇ ದನಿ ಸ್ವೀಕರಿಸಿದರೆ ಗಿರಾಕಿಗೆ ಗೊತ್ತಾಗದೆ ಇರುತ್ತದೆಯೇ? ಒಬ್ಬನೇ ಮಾಡುತ್ತಾನೆಂಬುದು ನಮ್ಮೂರುಗಳಲ್ಲಿ ಕೊರತೆಯಲ್ಲ. ಕೆಲಸ ಕೆಟ್ಟರೆ ಯಾರನ್ನು ಕೇಳಬೇಕೆಂಬುದು ಸ್ಪಷ್ಟವಿರುವುದರಿಂದ ಎಷ್ಟೋ ಮಂದಿ ಅದನ್ನೇ ಬಯಸುತ್ತಾರೆ.

ದೊಡ್ಡದಾಗಿ ಕಾಣುವ ಆಸೆ ಕೆಲವೊಮ್ಮೆ ಕಾನೂನಿನ ಗೆರೆಯನ್ನೂ ದಾಟುತ್ತದೆ. ನೋಂದಣಿಯಿಲ್ಲದೆ ಹೆಸರಿನ ಕೊನೆಗೆ ‘ಲಿಮಿಟೆಡ್’ ಅಥವಾ ‘ಪ್ರೈವೇಟ್ ಲಿಮಿಟೆಡ್’ ಎಂದು ಸೇರಿಸಿಕೊಂಡು ವ್ಯವಹರಿಸಿದರೆ, 2013ರ ಕಂಪನಿ ಕಾಯ್ದೆಯ 453ನೇ ಕಲಮಿನ ಪ್ರಕಾರ ಹಾಗೆ ಬಳಸಿದ ಪ್ರತಿ ದಿನಕ್ಕೂ 500 ರೂಪಾಯಿಗೆ ಕಡಿಮೆಯಿಲ್ಲದ, 2,000 ರೂಪಾಯಿವರೆಗಿನ ದಂಡಕ್ಕೆ ಗುರಿಯಾಗಬೇಕಾಗುತ್ತದೆ. ಸರ್ಕಾರದ ಪ್ರೋತ್ಸಾಹವಿದೆ ಎಂಬ ಭಾವನೆ ಬರಿಸುವ ಹೆಸರುಗಳನ್ನು 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆ ನಿಷೇಧಿಸುತ್ತದೆ. ಸಾಲದ ಅರ್ಜಿಯಲ್ಲಿ, ಟೆಂಡರ್ ಕಾಗದದಲ್ಲಿ ಇಂಥವು ಸುಲಭವಾಗಿ ಸಿಕ್ಕಿಬೀಳುತ್ತವೆ.

ಇನ್ನು ಹೊಯ್ಸಳ ಮತ್ತು ಮಲ್ನಾಡ್ ವಿಚಾರ. ನಮ್ಮ ಹೆಮ್ಮೆಯ ಹೆಸರುಗಳೆಂಬುದರಲ್ಲಿ ಎರಡು ಮಾತಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಈ ಹೆಸರಿನ ಮೋಹ ಇನ್ನಷ್ಟು ಹೆಚ್ಚಿದಂತೆ ತೋರುತ್ತದೆ. ಆದರೆ ಎಲ್ಲರ ಹೆಮ್ಮೆಯೂ ಆಗಿರುವ ಹೆಸರು ಒಬ್ಬರ ಗುರುತಾಗುವುದು ಕಷ್ಟ. ಹೊಯ್ಸಳ ಎಂದು ಹುಡುಕಿದವರಿಗೆ ಹೋಟೆಲು, ಟ್ಯಾಕ್ಸಿ, ಚಿಟ್ ಫಂಡು, ಪ್ರವಾಸಿ ಮಾಹಿತಿ, ಬೆಂಗಳೂರು ಪೊಲೀಸರ ಗಸ್ತು ವಾಹನ ಎಲ್ಲವೂ ಸಿಗುತ್ತವೆ. ಸಾಲಗಾಮೆ ರಸ್ತೆಯ ಬಡಾವಣೆಯೊಂದರ ಮಹಡಿಯ ಮೇಲೆ ಕುಳಿತ ವೆಬ್ ವಿನ್ಯಾಸಕ ಮಾತ್ರ ಸಿಗುವುದಿಲ್ಲ. ಇಂಥ ಹೆಸರನ್ನು ಕಾಪಾಡಿಕೊಳ್ಳುವುದೂ ಸುಲಭವಲ್ಲ. ವ್ಯಾಪಾರದ ಹೆಸರು, ಗುರುತುಗಳನ್ನು ಕಾಪಾಡುವ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನ ಪ್ರಕಾರ, ಊರು ಸೀಮೆಗಳನ್ನಾಗಲಿ ಸೇವೆಯ ಸ್ವರೂಪವನ್ನಾಗಲಿ ಹೇಳುವ ಮಾತುಗಳಿಂದಷ್ಟೇ ಆದ ಗುರುತಿಗೆ ಸಾಮಾನ್ಯವಾಗಿ ನೋಂದಣಿ ದೊರೆಯುವುದಿಲ್ಲ. ದೀರ್ಘ ಬಳಕೆಯಿಂದ ಅದು ಒಬ್ಬರದೇ ಎಂದು ಜನ ಗುರುತಿಸುವಂತಾಗಿದ್ದರೆ ಮಾತ್ರ ವಿನಾಯಿತಿ. ‘ಹಾಸನ ವೆಬ್ ಡಿಸೈನ್ಸ್’ ಎಂದಿಟ್ಟುಕೊಂಡವರು, ಪಕ್ಕದ ರಸ್ತೆಯಲ್ಲಿ ‘ಹಾಸನ್ ವೆಬ್ ಡಿಸೈನರ್ಸ್’ ಎಂಬ ಬೋರ್ಡು ಎದ್ದ ದಿನ ಮಾಡಬಹುದಾದದ್ದು ಬಹಳ ಕಡಿಮೆ.

ಚಿಕ್ಕಮಗಳೂರಿನವರಿಗೆ ಊರ ಹೆಸರಿನಿಂದ ಬೇರೊಂದು ತೊಡಕೂ ಇದೆ. ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ತಕ್ಕಂತೆ 2014ರ ನವೆಂಬರ್ 1ರಿಂದ ಬದಲಿಸಿದಾಗ ಚಿಕ್ಕಮಗಳೂರೂ ಅವುಗಳಲ್ಲಿ ಒಂದಾಗಿತ್ತು. ಸರ್ಕಾರಿ ಕಾಗದಗಳಲ್ಲಿ ಹೊಸ ಕಾಗುಣಿತ ನೆಲೆಯಾಗಿದ್ದರೂ ಹೊರಗಿನ ಪ್ರವಾಸಿಗರು ಇಂದಿಗೂ ‘ಚಿಕ್‌ಮಗಳೂರ್’ ಎಂಬ ಹಳೆಯ ಇಂಗ್ಲಿಷ್ ಕಾಗುಣಿತದಲ್ಲೇ ಹುಡುಕುವುದು ಸಾಮಾನ್ಯ. ಡೊಮೇನಿನಲ್ಲಿ, ಅಂದರೆ ವೆಬ್‌ಸೈಟಿನ ವಿಳಾಸದಲ್ಲಿ, ಊರ ಹೆಸರು ಸೇರಿಸಿದವರು ಎರಡು ಕಾಗುಣಿತಗಳನ್ನೂ ಕೊಂಡು, ಎರಡನ್ನೂ ವರ್ಷ ವರ್ಷ ನವೀಕರಿಸುತ್ತ ಹೋಗಬೇಕು. ಹಾಸನದವರು ಈ ವಿಷಯದಲ್ಲಿ ಅದೃಷ್ಟವಂತರು, ನಮ್ಮ ಎರಡು ‘ಎಸ್’ಗಳನ್ನು ಯಾರೂ ಮುಟ್ಟಿಲ್ಲ.

ಕಾಗುಣಿತದ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಸರು ಆರಿಸುವವರು ಅತಿ ಕಡಿಮೆ ಯೋಚಿಸುವುದು ಇದನ್ನೇ. ವೆಬ್ ವಿನ್ಯಾಸಕನ ಹೆಸರು ಅವನ ವಿಳಾಸವೂ ಹೌದು. ಕಿರಾಣಿ ಅಂಗಡಿಯ ಹೆಸರನ್ನು ತಪ್ಪಾಗಿ ಬರೆದರೂ ಗಿರಾಕಿ ಅಂಗಡಿಗೆ ಬಂದೇ ಬರುತ್ತಾನೆ. ಡೊಮೇನಿನಲ್ಲಿ ಒಂದಕ್ಷರ ತಪ್ಪಿದರೆ ಇಮೇಲ್ ಹಿಂದಿರುಗುತ್ತದೆ ಅಥವಾ ಬೇರೊಬ್ಬರ ಕೈ ಸೇರುತ್ತದೆ. ಮೂಡಿಗೆರೆಯ ಕಡೆ ಕಾಫಿ ತೋಟದ ವ್ಯವಹಾರದಲ್ಲಿ ಫೋಟೊ ಕಳಿಸುವುದು, ಕೊಠಡಿಗಳ ದರಪಟ್ಟಿ ಕಳಿಸುವುದು ಇವೆಲ್ಲ ಮಾಲೀಕರ ಕೆಲಸವಲ್ಲ, ತೋಟದ ಲೆಕ್ಕಪತ್ರ ನೋಡುವ ರೈಟರ್ ಕೆಲಸ. ಮಳೆಗಾಲದಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುವಾಗ ಫೋನಿನಲ್ಲೇ ಇಮೇಲ್ ವಿಳಾಸ ಬರೆದುಕೊಳ್ಳಬೇಕಾದ ಅವರಿಗೆ ‘ಹೇಮಾವತಿ’ ಎಂದರೆ ಮುಗಿಯಲಿಲ್ಲ. ‘ಟಿ ಆದ ಮೇಲೆ ಎಚ್ ಇದೆಯಾ ಸಾರ್? ಕೊನೆಗೆ ಐಯಾ, ವೈಯಾ? ಮಾ ಅನ್ನೋದಕ್ಕೆ ಎ ಒಂದಾ ಎರಡಾ?’ ಎಂದು ಅವರು ಕೇಳಿದ ಮೂರೂ ಪ್ರಶ್ನೆಗಳು ಸರಿಯಾದವೇ. ನಮ್ಮ ಕಡೆ ‘ತ’ಕಾರಕ್ಕೆ ಎಚ್ ಸೇರಿಸಿ ಬರೆಯುವ ರೂಢಿಯಿದೆ, ಉತ್ತರದವರಿಗೆ ಅದಿಲ್ಲ, ದೀರ್ಘಕ್ಕೆ ಎರಡು ಎ ಬರೆಯುವವರೂ ಇದ್ದಾರೆ, ಬರೆಯದವರೂ ಇದ್ದಾರೆ, ‘ಳ’ ಮತ್ತು ‘ಲ’ಗಳ ನಡುವೆ, ‘ಡ’ ಮತ್ತು ‘ದ’ಗಳ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಭೇದವೇ ಇಲ್ಲ. ಮಲೆನಾಡು ಎಂಬುದನ್ನಂತೂ ಮಲ್ನಾಡ್, ಮಲೆನಾಡು, ಮಲ್ನಾಡು ಎಂದು ಮೂರು ಬಗೆಯಲ್ಲಿ ಬರೆದದ್ದನ್ನು ಒಂದೇ ರಸ್ತೆಯ ಬೋರ್ಡುಗಳಲ್ಲಿ ನೋಡಬಹುದು. ಆದ್ದರಿಂದ ಹೆಸರು ಕೇಳಿ ಬರುವವರಿಗೆ ನಾನು ಹೇಳುವುದು ಇಷ್ಟೇ: ಕಂಪ್ಯೂಟರ್ ಅರಿಯದ ಒಬ್ಬ ಹಿರಿಯರಿಗೆ ಫೋನ್ ಮಾಡಿ, ಆ ಹೆಸರನ್ನು ಒಂದೇ ಸಲ ಹೇಳಿ, ಇಂಗ್ಲಿಷಿನಲ್ಲಿ ಬರೆದುಕೊಳ್ಳಲು ಕೇಳಿ. ಅವರು ಬರೆದದ್ದು ನಿಮ್ಮ ಡೊಮೇನಿಗೆ ಹೊಂದದಿದ್ದರೆ ಆ ಹೆಸರು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡುವುದು ಲೇಸು.

ಇಂಗ್ಲಿಷ್ ಪದಗಳನ್ನು ಆರಿಸಿಕೊಂಡರೆ ಈ ತೊಂದರೆ ತಪ್ಪುತ್ತದೆಂದು ಭಾವಿಸಿ, ‘ಎಸ್’ ಇರಬೇಕಾದಲ್ಲಿ ‘ಝಡ್’ ಹಾಕಿ, ‘ಸಿ’ ಇರಬೇಕಾದಲ್ಲಿ ‘ಕೆ’ ಹಾಕಿ, ಸ್ವರಗಳನ್ನು ಕಿತ್ತು ಹೆಸರು ಕಟ್ಟುವವರಿದ್ದಾರೆ. ಡೊಮೇನ್ ಸಿಗಲಿಲ್ಲವೆಂಬ ಕಾರಣಕ್ಕೆ ಮಾಡಿದ ಈ ಕಸರತ್ತು ಬಾಯಲ್ಲಿ ಹೇಳುವಾಗ ಪ್ರತಿ ಬಾರಿಯೂ ಒಂದು ವಿವರಣೆಯನ್ನು ಬೇಡುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಬೋರ್ಡು ಬರೆಸುವ ದಿನ ಎದುರಾಗುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯಂತೆ ವ್ಯಾಪಾರ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು ಮತ್ತು ಅದು ಫಲಕದ ಮೇಲ್ಭಾಗದಲ್ಲಿರಬೇಕು. ಮನೆಯಲ್ಲೇ ಕೆಲಸ ಮಾಡುವವರಿಗೆ ಇಂದು ಬೋರ್ಡು ಬೇಕಾಗದಿರಬಹುದು. ನಾಳೆ ಒಂದು ಸಣ್ಣ ಕೊಠಡಿ ಬಾಡಿಗೆಗೆ ಹಿಡಿದಾಗ ಬೇಕಾಗುತ್ತದೆ. ಆಗ, ಸ್ವರ ಕಿತ್ತ ಆ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುವುದೆಂದು ಬೋರ್ಡು ಬರೆಯುವವರೇ ಕೇಳುತ್ತಾರೆ. ಅಕ್ಷರಗಳ ಅಂದಚೆಂದವೇ ತನ್ನ ಕಸುಬೆನ್ನುವ ವಿನ್ಯಾಸಕ ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಅದು. ಹೆಸರನ್ನು ಮೊದಲು ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆದು ನೋಡಿ, ಒತ್ತಕ್ಷರಗಳು ಹೇಗೆ ಕೂರುತ್ತವೆ ಎಂಬುದನ್ನು ಗಮನಿಸಿ, ಆಮೇಲೆ ಡೊಮೇನ್ ಹುಡುಕಿದರೆ ನಷ್ಟವೇನಿಲ್ಲ.

ಹಾಗಿದ್ದರೆ ಡೊಮೇನನ್ನೇ ಕನ್ನಡದಲ್ಲಿ ಪಡೆಯಬಾರದೇಕೆ ಎಂದು ಯಾರಾದರೂ ಕೇಳಬಹುದು. ಪಡೆಯಬಹುದು. ದೇಶದ ‘.ಇನ್’ ಡೊಮೇನುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಕನ್ನಡ ಲಿಪಿಯಲ್ಲಿ ‘.ಭಾರತ’ ಎಂದು ಕೊನೆಗೊಳ್ಳುವ ಡೊಮೇನುಗಳಿಗೂ ಹೊಣೆ. ಕನ್ನಡದಲ್ಲೇ ವ್ಯವಹರಿಸುವ ಗಿರಾಕಿಗಳಿಗೆ ಅದನ್ನು ತೋರಿಸಿದಾಗ ಅವರಿಗಾಗುವ ಸಂತೋಷವನ್ನು ನಾನು ನೋಡಿದ್ದೇನೆ. ಆದರೂ ಅದೊಂದನ್ನೇ ನಂಬಿ ಕೂರುವ ಕಾಲ ಇನ್ನೂ ಬಂದಿಲ್ಲ. ಅಂತರ್ಜಾಲದ ಒಳಗೆ ಆ ವಿಳಾಸ ‘ಎಕ್ಸ್‌ಎನ್’ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಾಗಿಯೇ ಸಾಗುತ್ತದೆ. ಬೇರೆಯವರಿಗೆ ಅಂಟಿಸಿ ಕಳಿಸಿದಾಗ ಕೆಲವು ಕಡೆ ಆ ಅರ್ಥವಾಗದ ರೂಪವೇ ಕಾಣಿಸಿಕೊಳ್ಳುತ್ತದೆ. ಕನ್ನಡ ಅಕ್ಷರಗಳ ಇಮೇಲ್ ವಿಳಾಸವನ್ನು ಅನೇಕ ಅರ್ಜಿ ನಮೂನೆಗಳು ಒಪ್ಪುವುದೂ ಇಲ್ಲ. ಇಂಗ್ಲಿಷ್ ಅಕ್ಷರದ ಡೊಮೇನಿನ ಜೊತೆಗೆ ಇದನ್ನೂ ಇಟ್ಟುಕೊಳ್ಳುವುದು ಸದ್ಯಕ್ಕೆ ಸರಿಯಾದ ದಾರಿ.

ಹೊಸದಾಗಿ ಕಟ್ಟಿದ, ಯಾವ ನಿಘಂಟಿನಲ್ಲೂ ಇಲ್ಲದ ಹೆಸರು ಕಾನೂನಿನ ದೃಷ್ಟಿಯಿಂದ ಎಲ್ಲಕ್ಕಿಂತ ಗಟ್ಟಿ ಎಂಬುದನ್ನು ಒಪ್ಪುತ್ತೇನೆ. ಇದಕ್ಕೆ ಒಳ್ಳೆಯ ನಿದರ್ಶನ ‘ಸಿಫಿ’. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರನ್ನೇ ಕುಗ್ಗಿಸಿ ಕಟ್ಟಿದ ಈ ಮಾತಿಗೆ ಒಂದು ‘ಎಫ್’ ಹೆಚ್ಚಿಗೆ ಸೇರಿಸಿ ಇನ್ನೊಂದು ಸಂಸ್ಥೆ ಡೊಮೇನ್ ಪಡೆದಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2004ರಲ್ಲಿ ನ್ಯಾಯಾಲಯ, ಡೊಮೇನ್ ಹೆಸರು ಬರೀ ವಿಳಾಸವಲ್ಲ, ಟ್ರೇಡ್‌ಮಾರ್ಕಿನ ಲಕ್ಷಣಗಳೂ ಅದಕ್ಕಿವೆ, ಒಬ್ಬರ ಹೆಸರನ್ನು ತಮ್ಮದೆಂಬಂತೆ ತೋರಿಸಿ ಗಿರಾಕಿಗಳನ್ನು ಸೆಳೆಯುವುದರ ವಿರುದ್ಧ ಇರುವ ರಕ್ಷಣೆ ಡೊಮೇನಿಗೂ ಸಲ್ಲುತ್ತದೆ ಎಂದು ಹೇಳಿತು. ಆ ತೀರ್ಪಿನಿಂದ ನಮ್ಮಂಥವರು ತಿಳಿಯಬೇಕಾದದ್ದು ಎರಡೂ ದಿಕ್ಕಿನಲ್ಲಿದೆ. ಡೊಮೇನ್ ಖಾಲಿಯಿತ್ತು, ಹಣ ಕೊಟ್ಟು ಕೊಂಡೆ, ಹಾಗಾಗಿ ಹೆಸರು ನನ್ನದು ಎಂಬ ವಾದ ನಿಲ್ಲುವುದಿಲ್ಲ. ಹಾಗೆಯೇ, ಮೊದಲಿನಿಂದ ಬಳಸುತ್ತಿದ್ದೇನೆಂದು ತೋರಿಸಬಲ್ಲ ಸಣ್ಣವನನ್ನು, ನಂತರ ಬಂದು ನೋಂದಾಯಿಸಿಕೊಂಡ ದೊಡ್ಡವನು ಸುಲಭವಾಗಿ ಎಬ್ಬಿಸಲಾರ. ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಕಲಮು ಮೊದಲ ಬಳಕೆದಾರನ ಹಕ್ಕನ್ನು ಉಳಿಸಿದೆ. ಆದ್ದರಿಂದ ಮೊದಲ ಬಿಲ್ಲು, ಡೊಮೇನ್ ಕೊಂಡ ರಸೀದಿ, ಮೊದಲ ಗಿರಾಕಿಯ ಇಮೇಲ್ ಇವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಹೊಸ ಹೆಸರು ಬೇಕೆನ್ನುವವರು ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಿ ನೋಡದೆ ಮುಂದುವರಿಯಲೇಬಾರದು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಮಾಡಿರುವ ಆ ಪಟ್ಟಿಯಲ್ಲಿ ವೆಬ್‌ಸೈಟ್ ವಿನ್ಯಾಸ 42ನೇ ವರ್ಗಕ್ಕೆ ಸೇರುತ್ತದೆ; ಜಾಹೀರಾತಿನ ಕೆಲಸವನ್ನೂ ಮಾಡುವವರು 35ನೇ ವರ್ಗವನ್ನೂ ನೋಡಬೇಕು. ಅಕ್ಷರ ಅಕ್ಷರ ಹೊಂದುವ ಹೆಸರನ್ನಷ್ಟೇ ಹುಡುಕಿ ನಿಲ್ಲಿಸದೆ, ಉಚ್ಚಾರದಲ್ಲಿ ಹೋಲುವ ಹೆಸರುಗಳನ್ನು ತೋರಿಸುವ ಹುಡುಕಾಟವನ್ನೂ ಅಲ್ಲೇ ಮಾಡಬಹುದು, ತಗಾದೆಗಳು ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ. ವ್ಯಕ್ತಿಯೊಬ್ಬರು ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅರ್ಜಿ ಟ್ರೇಡ್‌ಮಾರ್ಕ್ ಕಚೇರಿಯ ಅಧಿಕೃತ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳವರೆಗೆ ಯಾರು ಬೇಕಾದರೂ ಆಕ್ಷೇಪಿಸಬಹುದು, ನೋಂದಣಿಯಾದರೆ ಅದರ ಅವಧಿ 10 ವರ್ಷ. ನೋಂದಣಿಯಾಗುವ ಮೊದಲೇ ವೃತ್ತದೊಳಗಿನ ‘ಆರ್’ ಚಿಹ್ನೆಯನ್ನು ಲಾಂಛನದ ಪಕ್ಕದಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಗಿರಾಕಿಗಳ ಲಾಂಛನವನ್ನೂ ನಾವೇ ಬರೆದುಕೊಡುವುದರಿಂದ ಇದನ್ನು ವಿನ್ಯಾಸಕರು ತಿಳಿದಿರಲೇಬೇಕು. ಕೆಲಸ ಇನ್ನೂ ಕೈಗೆ ಬರದಿದ್ದಾಗ ಈ ಖರ್ಚು ಮಾಡಬೇಕೇ ಎಂದು ಕೇಳಿದರೆ, ಬೇಡವೆಂದೇ ನನ್ನ ಉತ್ತರ. ಹುಡುಕಾಟ ಮಾತ್ರ ಮೊದಲ ದಿನವೇ ಆಗಲಿ.

ಹಣದ ವಿಷಯಕ್ಕೆ ಬಂದರೆ, ಹೆಸರಿನ ನಿಜವಾದ ಪರೀಕ್ಷೆ ನಡೆಯುವುದು ಬ್ಯಾಂಕಿನ ಕೌಂಟರಿನಲ್ಲಿ. ಸಕಲೇಶಪುರದ ಬಳಿಯ ರೆಸಾರ್ಟ್ ಒಂದಕ್ಕೆ ನನ್ನ ಪರಿಚಯದ ಹುಡುಗನೊಬ್ಬ ಕೆಲಸ ಮುಗಿಸಿ ಬಿಲ್ಲು ಕೊಟ್ಟಿದ್ದ. ಬಿಲ್ಲಿನ ನೆತ್ತಿಯಲ್ಲಿ ಅವನ ಸಂಸ್ಥೆಯ ಹೆಸರು ದಪ್ಪ ಅಕ್ಷರಗಳಲ್ಲಿ ಮೆರೆಯುತ್ತಿತ್ತು, ಅವನ ಸ್ವಂತ ಹೆಸರು ಅಡಿಯಲ್ಲಿ ಸಹಿಯ ರೂಪದಲ್ಲಿ ಮಾತ್ರ ಇತ್ತು. ರೆಸಾರ್ಟಿನವರು ಬಿಲ್ಲಿನಲ್ಲಿದ್ದ ಸಂಸ್ಥೆಯ ಹೆಸರಿಗೇ ಚೆಕ್ ಬರೆದರು. ಹುಡುಗನ ಬಳಿ ಇದ್ದದ್ದು ತನ್ನ ಹೆಸರಿನ ಉಳಿತಾಯ ಖಾತೆಯೊಂದೇ. ಬ್ಯಾಂಕಿನವರು ಚೆಕ್ ಹಿಂದಿರುಗಿಸಿದರು, ಅವರು ಮಾಡಿದ್ದು ಸರಿಯೇ. ಅದು ಕಾಫಿ ಕೊಯ್ಲಿನ ಸಮಯವಾಗಿದ್ದರಿಂದ ಮಾಲೀಕರು ಕಣ ಬಿಟ್ಟು ಬಂದು ಇನ್ನೊಂದು ಚೆಕ್ಕಿಗೆ ಸಹಿ ಹಾಕುವ ಹೊತ್ತಿಗೆ ವಾರಗಳೇ ಕಳೆದವು. ಯುಪಿಐ ಬಂದ ಮೇಲೂ ಈ ತಾಪತ್ರಯ ಹೋಗಿಲ್ಲ: ವೆಬ್‌ಸೈಟಿನಲ್ಲಿ ಒಂದು ಹೆಸರು, ಹಣ ಕಳಿಸುವಾಗ ಪರದೆಯ ಮೇಲೆ ಮೂಡುವ ಖಾತೆದಾರರ ಹೆಸರು ಇನ್ನೊಂದು, ವಂಚನೆಯ ಸುದ್ದಿಗಳನ್ನು ತಮ್ಮ ಪತ್ರಿಕೆಯಲ್ಲೇ ದಿನವೂ ಓದುವ ಗಿರಾಕಿ ಬೆರಳನ್ನು ತಡೆದು ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಾನೆ.

ಒಬ್ಬರೇ ಮಾಲೀಕರಾಗಿರುವ ವ್ಯವಹಾರಕ್ಕೆ ಕಾನೂನಿನ ಕಣ್ಣಿನಲ್ಲಿ ಮಾಲೀಕರಿಂದ ಪ್ರತ್ಯೇಕವಾದ ಅಸ್ತಿತ್ವವಿಲ್ಲ. ಪ್ಯಾನ್ ಮಾಲೀಕರದೇ, ಗಿರಾಕಿ ಮುರಿದುಕೊಂಡ ತೆರಿಗೆ ಜಮೆಯಾಗುವುದೂ ಅದೇ ಪ್ಯಾನಿಗೆ. ಜಿಎಸ್‌ಟಿ ನೋಂದಣಿ ಪತ್ರದಲ್ಲಿ ಕಾನೂನಿನ ಹೆಸರು ಮತ್ತು ವ್ಯಾಪಾರದ ಹೆಸರು ಎಂದು ಎರಡು ಕಾಲಂಗಳಿರುವುದು ಇದೇ ಕಾರಣಕ್ಕೆ. ಸೇವೆ ಒದಗಿಸುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಆ ನೋಂದಣಿಯೂ ಕಡ್ಡಾಯವಲ್ಲ. ವ್ಯಾಪಾರದ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಬೇಕಾದರೆ ಆ ಹೆಸರಿನಲ್ಲಿ ವ್ಯವಹಾರ ನಡೆಯುತ್ತಿದೆ ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಮಾನ್ಯವಾಗಿ ಎರಡು ದಾಖಲೆಗಳನ್ನು ಕೇಳುತ್ತಾರೆ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರ ಜುಲೈಯಿಂದ ಜಾರಿಗೆ ತಂದಿರುವ ಉದ್ಯಮ್ ನೋಂದಣಿ ಅವುಗಳಲ್ಲಿ ಒಂದಾಗಬಲ್ಲದು. ಅದು ಸಂಪೂರ್ಣ ಉಚಿತ. ಶುಲ್ಕ ಕೇಳುವ ಜಾಲತಾಣಗಳು ಸರ್ಕಾರದವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಇಷ್ಟೆಲ್ಲ ಕಾಗದ ಹೊಂದಿಸುವ ತನಕ ಬಿಲ್ಲಿನಲ್ಲಿ ಸ್ವಂತ ಹೆಸರೇ ಇದ್ದರೆ ಒಂದು ದಿನವೂ ಹಣ ತಡವಾಗುವುದಿಲ್ಲ.

ಗೂಗಲ್ ನಕ್ಷೆಯಲ್ಲಿ ಮೇಲೆ ಬರಬೇಕೆಂದು ‘ಬೆಸ್ಟ್ ವೆಬ್ ಡಿಸೈನರ್ ಹಾಸನ’ ಎಂದೇ ಹೆಸರಿಟ್ಟುಕೊಳ್ಳುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋರ್ಡಿನಲ್ಲೂ ಕಾಗದದಲ್ಲೂ ಇರುವ ನಿಜವಾದ ಹೆಸರನ್ನಷ್ಟೇ ಕೊಡಬೇಕೆಂಬುದು ಗೂಗಲ್ ನಿಯಮ. ಮುರಿದವರ ಪುಟವನ್ನು ತಡೆಹಿಡಿಯುವುದೂ ಉಂಟು. ಹುಡುಕುವ ಪದಗಳನ್ನೇ ಡೊಮೇನಾಗಿಸಿಕೊಂಡ ಕಳಪೆ ತಾಣಗಳಿಗೆ ಸಿಗುತ್ತಿದ್ದ ಲಾಭವನ್ನು ಗೂಗಲ್ 2012ರಲ್ಲೇ ತಗ್ಗಿಸಿದೆ.

ಸ್ವಂತ ಹೆಸರಿನ ವಿರುದ್ಧ ಇರುವ ಆಕ್ಷೇಪಗಳು ಮಾತ್ರ ತಳ್ಳಿಹಾಕುವಂಥವಲ್ಲ. ಮುಂದೆ ಪಾಲುದಾರರು ಸೇರಿದರೆ ಅಥವಾ ವ್ಯವಹಾರವನ್ನೇ ಮಾರಬೇಕಾಗಿ ಬಂದರೆ ಒಬ್ಬರ ಹೆಸರು ಅಡ್ಡಿಯಾಗುತ್ತದೆ ಎನ್ನುತ್ತಾರೆ, ನಿಜ. ಆದರೆ ಹಾಗೆ ಮಾರುವಷ್ಟು ಬೆಳೆದ ದಿನ ಹೊಸ ಹೆಸರಿಡಲು ಹಣವೂ ಇರುತ್ತದೆ, ಸಲಹೆಗಾರರೂ ಸಿಗುತ್ತಾರೆ. ಒಂದೇ ಹೆಸರಿನವರು ಬಹಳ ಮಂದಿ ಇದ್ದಾರೆಂಬುದೂ ನಿಜ. ಅದಕ್ಕೆ ನಮ್ಮಲ್ಲಿ ಹಿಂದಿನಿಂದ ಇರುವ ಉಪಾಯವೇ ಸಾಕು. ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಹೆಸರಿನೊಂದಿಗೆ ಸೇರಿಸಿಕೊಳ್ಳುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಹಾಸನ ಎಂಬ ಜಿಲ್ಲಾ ಕೇಂದ್ರದ ಹೆಸರನ್ನು ಎಲ್ಲರೂ ಬಳಸುತ್ತಾರೆ, ಆಲೂರು ತಾಲ್ಲೂಕಿನ ಒಂದು ಪುಟ್ಟ ಹಳ್ಳಿಯ ಹೆಸರನ್ನು ವೆಬ್ ವಿನ್ಯಾಸಕ್ಕೆ ಇನ್ನೊಬ್ಬರು ಬಳಸುವ ಸಾಧ್ಯತೆ ಕಡಿಮೆ. ತನ್ನದೇ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರಿಗೆ ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಕಲಮು ರಕ್ಷಣೆಯನ್ನೂ ಕೊಡುತ್ತದೆ.

ನನಗೆ ತಕ್ಷಣ ಉತ್ತರ ಹೊಳೆಯದ ಆಕ್ಷೇಪ ಬಂದದ್ದು ಹೆಣ್ಣುಮಕ್ಕಳಿಂದ. ಮನೆಯಲ್ಲಿ ಒಬ್ಬಳೇ ಕುಳಿತು ಕೆಲಸ ಮಾಡುವಾಗ ತನ್ನ ಹೆಸರು, ದೂರವಾಣಿ, ಊರು ಮೂರನ್ನೂ ಒಟ್ಟಿಗೆ ಜಗತ್ತಿಗೆ ತೆರೆದಿಡಲು ಅಳುಕೆನಿಸುತ್ತದೆ ಎಂದು ಹೇಳಿದವರಿದ್ದಾರೆ. ಹೆಸರಿನಿಂದಲೇ ಜಾತಿ ಧರ್ಮಗಳನ್ನು ಅಳೆದು ಕೆಲಸ ಕೊಡುವ ಅಥವಾ ಕೊಡದಿರುವ ಜನ ಇದ್ದಾರೆ ಎಂದವರೂ ಇದ್ದಾರೆ, ಅದು ಸುಳ್ಳೆಂದು ನಾನು ಹೇಳಲಾರೆ. ಅಂಥವರು ಖಂಡಿತ ಬೇರೆ ಹೆಸರನ್ನೇ ಇಟ್ಟುಕೊಳ್ಳಲಿ; ಹೇಳಲು ಸುಲಭವಾದ, ಎರಡು ಮೂರು ಅಕ್ಷರಗಳ, ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯಬಹುದಾದ ಹೆಸರು. ಅದರ ಕೊನೆಯಲ್ಲಿ ವೆಬ್ ಎಂದೋ ಡಿಸೈನ್ ಎಂದೋ ಸೇರಿಸದಿದ್ದರೆ, ನಾಳೆ ಫೋಟೊ ತೆಗೆಯುವ ಅಥವಾ ಆ್ಯಪ್ ಮಾಡುವ ಕೆಲಸಕ್ಕೂ ಅದು ಹೊಂದುತ್ತದೆ. ಬಿಲ್ಲಿನಲ್ಲಿ ಮಾತ್ರ ಖಾತೆಯಲ್ಲಿರುವ ಹೆಸರೂ ಕಾಣುವಂತಿರಲಿ.

ಹೆಸರಿಗೇ ಸಂಬಂಧಿಸಿದ ಮತ್ತೊಂದು ಮಾತನ್ನು ಗಿರಾಕಿಗಳ ಪರವಾಗಿ ಹೇಳಬೇಕು. ಹೋಂಸ್ಟೇಯ ಡೊಮೇನನ್ನು ಹೋಂಸ್ಟೇ ಮಾಲೀಕರ ಹೆಸರಿನಲ್ಲಿ, ಅವರ ಇಮೇಲ್ ಕೊಟ್ಟು ನೋಂದಾಯಿಸುವ ಬದಲು ತನ್ನ ಸಂಸ್ಥೆಯ ಹೆಸರಿನಲ್ಲಿ ನೋಂದಾಯಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ವಿನ್ಯಾಸಕ ಕೆಲಸ ಬಿಟ್ಟು ಊರು ಬದಲಿಸಿದಾಗ, ಅಥವಾ ತನ್ನ ಸಂಸ್ಥೆಯ ಹೆಸರು ಬದಲಿಸಿ ಹಳೆಯ ಇಮೇಲನ್ನೇ ಮುಚ್ಚಿದಾಗ, ನವೀಕರಣದ ಸೂಚನೆಗಳು ಯಾರಿಗೂ ತಲುಪದೆ, ಗಿರಾಕಿ ವರ್ಷಗಟ್ಟಲೆ ಬೆಳೆಸಿದ ಹೆಸರು ಹರಾಜಿಗೆ ಹೋಗುತ್ತದೆ. ವೆಬ್‌ಸೈಟ್ ಮಾಡಿಸುವವರು ಹಣ ಪಾವತಿಸುವ ಮೊದಲು ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಲಿ.

ಎರಡೂ ಜಿಲ್ಲೆಗಳ ಕೈಗಾರಿಕಾ ಕೇಂದ್ರಗಳು ಸ್ವಯಂ ಉದ್ಯೋಗದ ತರಬೇತಿ ನಡೆಸುವಾಗ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕೊನೆಯ ವರ್ಷದವರಿಗೆ ಉದ್ಯಮಶೀಲತೆಯ ಪಾಠ ಹೇಳುವಾಗ, ಯೋಜನಾ ವರದಿ ಮತ್ತು ಸಾಲದ ಅರ್ಜಿಯ ಜೊತೆಗೆ ಅರ್ಧ ದಿನವನ್ನು ಇದಕ್ಕೂ ಮೀಸಲಿಟ್ಟು, ಟ್ರೇಡ್‌ಮಾರ್ಕ್ ಹುಡುಕಾಟವನ್ನು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಿ, ಬ್ಯಾಂಕಿನ ಒಬ್ಬ ಅಧಿಕಾರಿಯನ್ನೂ ಒಬ್ಬ ತೆರಿಗೆ ಸಲಹೆಗಾರರನ್ನೂ ಕರೆಸಿ ಮಾತನಾಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಅಂಥ ತರಗತಿಗೆ ಬಂದು, ಹೆಸರನ್ನು ಕನ್ನಡದಲ್ಲಿ ಬರೆದು ನೋಡುವ ಭಾಗವನ್ನು ನಡೆಸಿಕೊಡಲು ನಾನು ಸಿದ್ಧನಿದ್ದೇನೆ, ಸಂಭಾವನೆ ಬೇಕಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ವೆಬ್ ವಿನ್ಯಾಸಕ,
ಹಾಸನ